ಕಳಪೆ ಕೆಲಸದ ವ್ಯಾಜ್ಯ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲಿ

ಮನೆ ಕಟ್ಟಲು, ಮಾಡು ಹೊದಿಸಲು, ಟೈಲ್ಸ್ ಹಾಸಲು, ನಲ್ಲಿ ಅಥವಾ ಕರೆಂಟಿನ ಕೆಲಸಕ್ಕೆ ಗೊತ್ತುಮಾಡಿಕೊಂಡವನು ಒಪ್ಪಿದಂತೆ ಕೆಲಸ ಮಾಡದಿದ್ದಾಗ, ಇಲ್ಲವೇ ಮುಂಗಡ ತೆಗೆದುಕೊಂಡು ಅರ್ಧಕ್ಕೆ ಬಿಟ್ಟುಹೋದಾಗ, ಕೊಟ್ಟ ಹಣಕ್ಕೋ ಆದ ನಷ್ಟಕ್ಕೋ ಮನೆಯವರು ಹೂಡುವ ವ್ಯಾಜ್ಯ ಇದು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಇಂಥ ಜಗಳ ಪ್ರತಿ ಮಳೆಗಾಲದಲ್ಲೂ ಹುಟ್ಟುತ್ತದೆ. ನ್ಯಾಯಾಲಯದ ಮೆಟ್ಟಿಲು ಹತ್ತುವುದು ಅಪರೂಪ. ಕೊಪ್ಪ ತಾಲ್ಲೂಕಿನ ಬಸರೀಕಟ್ಟೆಯಂಥ ಅಡಿಕೆ, ಕಾಫಿ ತೋಟಗಳ ನಡುವಿನ ಊರಿನಲ್ಲಿ ಮನೆಯವರೂ ಮೇಸ್ತ್ರಿಯೂ ಒಂದೇ ಜಾತ್ರೆಗೆ, ಒಂದೇ ಮದುವೆಗೆ ಹೋಗುವವರಾದ್ದರಿಂದ ಮಾತು ಜಗಲಿಯಲ್ಲೇ ಮುಗಿಯುವುದು ವಾಡಿಕೆ. ಮುಗಿಯದಿದ್ದಾಗ ಕಾನೂನು ಏನು ಕೊಡುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ಈ ಲೇಖನದ ವಿಷಯ.

ಹಿನ್ನೆಲೆ

ಚಿಕ್ಕ ಮೊತ್ತದ ಜಗಳಕ್ಕೆ ದೊಡ್ಡ ದಾವೆಯ ಖರ್ಚು, ಕಾಲ ಹಿಡಿಯಬಾರದು ಎಂಬ ಯೋಚನೆ ಹಳೆಯದು. ಇಂಗ್ಲೆಂಡಿನಲ್ಲಿ 1846ರ ಕಾಯಿದೆಯಿಂದ ಕೌಂಟಿ ನ್ಯಾಯಾಲಯಗಳು ಬಂದವು. ಅಲ್ಲಿ ಈಗ 10,000 ಪೌಂಡಿನವರೆಗಿನ ಸಾಮಾನ್ಯ ಹಣದ ತಕರಾರುಗಳು ಸಣ್ಣ ದಾವೆಗಳ ದಾರಿಯಲ್ಲಿ, ಬಹುಪಾಲು ವಕೀಲರಿಲ್ಲದೆ ನಡೆಯುತ್ತವೆ. ಲಂಡನ್ನಿನಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದಕ್ಕೆ ಅಲ್ಲಿನ ಪ್ಲಂಬರ್ ಮೋಸ ಮಾಡಿದರೆ ಆನ್‌ಲೈನಿನಲ್ಲೇ ದಾವೆ ಹೂಡಬಹುದು. ಸಿಂಗಪುರದಲ್ಲಿ ಇದೇ ಕೆಲಸಕ್ಕೆ 1985ರಿಂದ ಪ್ರತ್ಯೇಕ ನ್ಯಾಯಮಂಡಳಿಯಿದೆ.

ಭಾರತದಲ್ಲಿ ಕಲ್ಕತ್ತ, ಮದ್ರಾಸು, ಮುಂಬಯಿ ನಗರಗಳಿಗೆ 1850ರ ಕಾಯಿದೆಯೂ ಜಿಲ್ಲೆಗಳಿಗೆ 1887ರ ಪ್ರಾಂತೀಯ ಕಾಯಿದೆಯೂ ಲಘು ವ್ಯವಹಾರಗಳ ನ್ಯಾಯಾಲಯಗಳನ್ನು ತಂದವು. ಏಕೀಕರಣದ ನಂತರ ರಾಜ್ಯಕ್ಕೆಲ್ಲ ಒಂದೇ ಆಗಿ ಬಂದದ್ದು 1964ರ ಕರ್ನಾಟಕ ಲಘು ವ್ಯವಹಾರಗಳ ನ್ಯಾಯಾಲಯಗಳ ಕಾಯಿದೆ. ಬೆಂಗಳೂರಿನಲ್ಲಿ ಈ ಹೆಸರಿನ ನ್ಯಾಯಾಲಯವೇ ಇದೆ. ಆದರೆ ಇಂದು ಅದರ ಬಾಗಿಲಲ್ಲಿ ಕಾಣುವ ಜನರಲ್ಲಿ ಹೆಚ್ಚಿನವರು ರಸ್ತೆ ಅಪಘಾತದ ಪರಿಹಾರಕ್ಕೆ ಬಂದವರು, ಸೋರುವ ಮಾಡಿನ ದೂರು ತಂದವರಲ್ಲ. ತಾಲ್ಲೂಕುಗಳಲ್ಲಿ ಈ ಅಧಿಕಾರವನ್ನು ಸಿವಿಲ್ ನ್ಯಾಯಾಧೀಶರಿಗೇ ಕೊಡುವ ವ್ಯವಸ್ಥೆಯಿದೆ. ಮಲೆನಾಡಿನ ಮನೆಯವರ ಮಟ್ಟಿಗೆ ಇದು ಹೆಸರಿಗೆ ಮಾತ್ರ ಉಳಿದ ದಾರಿ.

ಆ ಜಾಗವನ್ನು ತುಂಬಿದ್ದು ಜನ ಗ್ರಾಹಕರ ಕೋರ್ಟು ಎಂದು ಕರೆಯುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಗ್ರಾಹಕ ಸಂರಕ್ಷಣಾ ಕಾಯಿದೆ ಅದರ ಬೇರು. ಮೂಲ ಕಾಯಿದೆಯಲ್ಲಿ ‘ಸೇವೆ’ ಎಂಬುದರ ವಿವರಣೆಯಲ್ಲಿ ಮನೆ ಕಟ್ಟುವ ಕೆಲಸದ ಮಾತಿರಲಿಲ್ಲ. 1993ರ ತಿದ್ದುಪಡಿ ಅದನ್ನು ಸೇರಿಸಿತು. ಅದೇ ವರ್ಷ ನವೆಂಬರ್ 5ರಂದು ಲಖನೌ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ.ಕೆ. ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮನೆ ಕಟ್ಟಿಕೊಡುವುದರಲ್ಲಿನ ಕೊರತೆಯೂ ಸೇವೆಯ ಕೊರತೆಯೇ ಎಂದು ಹೇಳಿತು. ಇಂದು ಜಾರಿಯಲ್ಲಿರುವುದು 2020ರ ಜುಲೈ 20ರಿಂದ ನಡೆಗೆ ಬಂದ 2019ರ ಕಾಯಿದೆ. ಕೆಲಸದ ಗುಣಮಟ್ಟ, ಸ್ವರೂಪ, ಮಾಡಿದ ರೀತಿ ಇವುಗಳಲ್ಲಿ ಯಾವುದೇ ದೋಷ, ಅಪೂರ್ಣತೆ, ಕೊರತೆ ಇದ್ದರೂ ಅದು ‘ಸೇವಾ ನ್ಯೂನತೆ’ ಎಂಬುದು ಇದರ ಪರಿಭಾಷೆ. ಕರಣೆ ಹಿಡಿದವನಿಗೂ ಫ್ಲ್ಯಾಟ್ ಕಟ್ಟುವ ಕಂಪನಿಗೂ ಅಳತೆ ಒಂದೇ.

ರಿಯಲ್ ಎಸ್ಟೇಟಿನ 2016ರ ಕಾಯಿದೆ, ಅಂದರೆ ರೇರಾ, ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬಡಾವಣೆ, ಫ್ಲ್ಯಾಟುಗಳಲ್ಲಿ ಕಟ್ಟಡದ ದೋಷಕ್ಕೆ ಐದು ವರ್ಷದ ಹೊಣೆಯನ್ನು ಅದು ಬಿಲ್ಡರ್ ಮೇಲೆ ಹೊರಿಸುತ್ತದೆ ನಿಜ. ಸ್ವಂತ ಜಾಗದಲ್ಲಿ ಮೇಸ್ತ್ರಿ ಕೈಯಲ್ಲಿ ಕಟ್ಟಿಸಿದ ಮನೆಗೆ ಅಂಥ ಖಾತರಿ ಯಾವ ಕಾನೂನಿನಲ್ಲೂ ಬರೆದಿಲ್ಲ. ಮೇಸ್ತ್ರಿಯಿಂದ ಬರೆಸಿಕೊಂಡರೆ ಮಾತ್ರ ಉಂಟು.

ಉಕ್ತೆಯೋ ದಿನಗೂಲಿಯೋ

ವ್ಯಾಜ್ಯ ನಿಲ್ಲುವುದೂ ಬೀಳುವುದೂ ಬಹುಮಟ್ಟಿಗೆ ಈ ಒಂದು ಪ್ರಶ್ನೆಯ ಮೇಲೆ. ಈ ಸೀಮೆಯಲ್ಲಿ ಕೆಲಸ ಕೊಡುವ ಕ್ರಮ ಎರಡು ಬಗೆ. ಇಡೀ ಕೆಲಸಕ್ಕೆ ಇಷ್ಟು, ಅಥವಾ ಚದರಕ್ಕೆ ಇಷ್ಟು ಎಂದು ಮಾತಾಡಿ ಒಪ್ಪಿಸುವುದು ಉಕ್ತೆ. ಬೆಳಿಗ್ಗೆ ಬಂದು ಸಂಜೆ ಸಂಬಳ ಎಣಿಸಿಕೊಂಡು ಹೋಗುವುದು ದಿನಗೂಲಿ. ಉಕ್ತೆಯಲ್ಲೂ ಮತ್ತೆ ಎರಡು ಬಗೆಯಿದೆ: ಸಾಮಾನೆಲ್ಲ ಮನೆಯವರದು, ಕೆಲಸ ಮಾತ್ರ ಮೇಸ್ತ್ರಿಯದು ಎಂಬ ಲೇಬರ್ ಕಾಂಟ್ರ್ಯಾಕ್ಟ್, ಸಿಮೆಂಟು ಕಬ್ಬಿಣದಿಂದ ಬಾಗಿಲ ಚಿಲಕದವರೆಗೆ ಎಲ್ಲವೂ ಅವನದೇ ಎಂಬ ಫುಲ್ ಕಾಂಟ್ರ್ಯಾಕ್ಟ್.

ಕಾಯಿದೆಯ ‘ಸೇವೆ’ಯಲ್ಲಿ ಪುಕ್ಕಟೆ ಮಾಡಿಕೊಟ್ಟ ಕೆಲಸ ಸೇರುವುದಿಲ್ಲ, ಯಜಮಾನ–ಆಳು ಸಂಬಂಧದ ವೈಯಕ್ತಿಕ ಸೇವೆಯೂ ಸೇರುವುದಿಲ್ಲ. ಆಳಿನ ದುಡಿಮೆಗೂ ಸೇವೆಗೂ ನಡುವಿನ ಗೆರೆಯನ್ನು ಸುಪ್ರೀಂ ಕೋರ್ಟು ವಿವರವಾಗಿ ಎಳೆದದ್ದು ವೈದ್ಯರ ಬಗೆಗಿನ ಒಂದು ತೀರ್ಪಿನಲ್ಲಿ: ಇಂಡಿಯನ್ ಮೆಡಿಕಲ್ ಅಸೋಸಿಯೇಶನ್ ಮತ್ತು ವಿ.ಪಿ. ಶಾಂತ, 1995ರ ನವೆಂಬರ್ 13. ಏನು ಮಾಡಬೇಕು, ಹೇಗೆ ಮಾಡಬೇಕು ಎರಡನ್ನೂ ಹೇಳಿಸಿಕೊಂಡು ಮಾಡುವವನು ಆಳು. ತನ್ನ ವಿದ್ಯೆ, ತನ್ನ ವಿವೇಚನೆಯಿಂದ ಕೆಲಸ ಮುಗಿಸಿಕೊಡುವವನು ಸೇವೆ ಒದಗಿಸುವವನು. ಇದನ್ನು ಅಂಗಳಕ್ಕೆ ತಂದು ನೋಡಿದರೆ, ಉಕ್ತೆಗೆ ಬಚ್ಚಲುಮನೆ ಕಟ್ಟಿಕೊಟ್ಟ ಮೇಸ್ತ್ರಿಯ ಮೇಲೆ ದೂರು ಸಲ್ಲುತ್ತದೆ. ‘ಇಲ್ಲಿಂದ ಇಲ್ಲಿಗೆ ಗೋಡೆ ಎಬ್ಬಿಸು, ನಾಳೆ ಆ ಕಡೆ ನೋಡೋಣ’ ಎಂದು ಯಜಮಾನರೇ ಎದುರು ನಿಂತು ಮಾಡಿಸಿಕೊಂಡ ದಿನಗೂಲಿಯವನ ಮೇಲೆ ಸಲ್ಲುವುದು ಕಷ್ಟ. ಸಲ್ಲಬಾರದು ಕೂಡ. ದಿನದ ಸಂಬಳಕ್ಕೆ ಬಂದವನ ಮೇಲೆ ಇಡೀ ಮನೆಯ ಹೊಣೆ ಹೊರಿಸುವುದರಲ್ಲಿ ನ್ಯಾಯವಿಲ್ಲ.

ಕೆಲಸ ಮಾಡಿಸಿದವರೂ ‘ಗ್ರಾಹಕ’ರಾಗಿರಬೇಕು. ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆಗೆ ಈ ಕಾಯಿದೆಯಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಷ್ಟೇ ಮಾಡಿಸಿದ್ದಾದರೆ ಉಂಟು. ಅಡಿಕೆ ಒಣಗಿಸಲು ಹಾಕಿಸಿದ ಡ್ರೈಯರ್ ಕೆಟ್ಟರೆ? ಬೀಜ ಕೊಂಡ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿರುವುದು ತೋಟದವರಿಗೆ ಬಲ. ಹೋಮ್‌ಸ್ಟೇ ಕೋಣೆಗಳ ಮಾತು ಬೇರೆ. ಶೃಂಗೇರಿ, ಕೊಪ್ಪದ ಸುತ್ತ ಈಚೆಗೆ ಎದ್ದಿರುವ ಅತಿಥಿಗೃಹಗಳ ಕೆಲಸ ಕೆಟ್ಟಾಗ ಎದುರು ಪಕ್ಷದ ಮೊದಲ ಆಕ್ಷೇಪವೇ ‘ಇದು ವ್ಯಾಪಾರ’ ಎಂದು. ಅಂಥ ಕಡೆ ದೂರಿಗಿಂತ ಸಿವಿಲ್ ದಾವೆ ಸುರಕ್ಷಿತ.

ಊರಿನಲ್ಲಿ ಅಪ್ಪ ಅಮ್ಮ, ಬೆಂಗಳೂರಿನಲ್ಲೋ ಹೊರದೇಶದಲ್ಲೋ ಮಕ್ಕಳು ಎಂಬ ಮನೆಗಳು ಇಲ್ಲಿ ಬಹಳ. ಕೆಲಸದ ಉಸ್ತುವಾರಿ ಅಪ್ಪಯ್ಯನದು, ಹಣ ಹೋಗುವುದು ಮಗಳ ಖಾತೆಯಿಂದ. ಹಣ ಕೊಟ್ಟವರಷ್ಟೇ ಅಲ್ಲ, ಅವರ ಒಪ್ಪಿಗೆಯಿಂದ ಸೇವೆ ಪಡೆದವರೂ ಗ್ರಾಹಕರೇ. ಹಾಗಾಗಿ ಅಪ್ಪನೂ ದೂರು ಕೊಡಬಹುದು, ಮಗಳೂ ಕೊಡಬಹುದು. 2019ರ ಕಾಯಿದೆಯ ದೊಡ್ಡ ಬದಲಾವಣೆಯೆಂದರೆ ದೂರುದಾರರು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹೂಡುವ ಅವಕಾಶ. ಬಸರೀಕಟ್ಟೆಯ ಮನೆಯ ವ್ಯಾಜ್ಯ ಬೆಂಗಳೂರಿನಲ್ಲೂ ನಡೆಯಬಹುದು. ಮನೆ ನೋಡಿ ವರದಿ ಕೊಡಬೇಕಾದ ಎಂಜಿನಿಯರು ಮಾತ್ರ ಘಟ್ಟದ ಸೆರಗಿಗೇ ಬರಬೇಕು.

ಮಳೆಗಾಲ ಮತ್ತು ಎರಡು ವರ್ಷದ ಗಡುವು

ವ್ಯಾಜ್ಯಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕೆಂಬುದು ಕಾಯಿದೆಯ 69ನೇ ಕಲಂ. ಬಯಲುಸೀಮೆಯಲ್ಲಿ ಇದು ಸಾಕಷ್ಟು ಕಾಲ. ತಿಂಗಳುಗಟ್ಟಲೆ ಮಳೆ ಸುರಿಯುವ ಈ ಸೀಮೆಯಲ್ಲಿ ಅದು ಕಣ್ಣೆದುರೇ ಸೋರಿಹೋಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದರೆನ್ನಿ. ಕೆಲಸ ಒಳ್ಳೆಯದೋ ಕೆಟ್ಟದೋ ಆಗ ಯಾರಿಗೂ ಗೊತ್ತಾಗುವುದಿಲ್ಲ. ಜೂನ್ ಕೊನೆಗೆ ಮಳೆ ಹಿಡಿದ ಮೇಲೆ ಮಲಗುವ ಕೋಣೆಯ ಮೂಲೆಯಲ್ಲಿ ತೇವದ ಕಲೆ ಕಾಣುತ್ತದೆ; ಆಟಿಯ ಹೊತ್ತಿಗೆ ಹನಿಯುತ್ತದೆ. ಮೇಸ್ತ್ರಿಗೆ ಫೋನು ಮಾಡಿದರೆ ‘ಈ ಮಳೇಲಿ ಏನ್ ಮಾಡಕಾಗ್ತದೆ ಅಣ್ಣ, ದೀಪಾವಳಿ ಕಳೀಲಿ’ ಎನ್ನುತ್ತಾನೆ. ಅದು ಸುಳ್ಳೂ ಅಲ್ಲ, ನೆನೆದ ಕಾಂಕ್ರೀಟಿನ ಮೇಲೆ ಯಾವ ಲೇಪವೂ ನಿಲ್ಲದು. ದೀಪಾವಳಿಯ ಹೊತ್ತಿಗೆ ಅಡಿಕೆ ಕೊಯ್ಲು ಶುರು, ಮನೆಯವರಿಗೇ ಪುರುಸೊತ್ತಿಲ್ಲ. ಕೊಯ್ಲು ಮುಗಿಯುವಾಗ ಮೇಸ್ತ್ರಿ ಬೇರೆ ಮನೆಯ ಒಕ್ಕಲಿನ ಮುಹೂರ್ತಕ್ಕೆ ಸಿಕ್ಕಿಬಿದ್ದಿರುತ್ತಾನೆ. ಮಾರ್ಚಿನಲ್ಲಿ ಬಂದು ಎರಡು ಚೀಲ ಸಿಮೆಂಟು ಮೆತ್ತಿ ಹೋಗುತ್ತಾನೆ. ಎರಡನೇ ಮಳೆಗಾಲದಲ್ಲಿ ಅದೇ ಮೂಲೆ ಮತ್ತೆ ಸೋರುತ್ತದೆ. ಮತ್ತೆ ದೀಪಾವಳಿ. ಮೂರನೇ ಮಳೆಗಾಲ ಶುರುವಾಗಿ ‘ಇನ್ನು ಇವನನ್ನು ಬಿಡಬಾರದು’ ಎಂದು ಮನೆಯವರು ನಿಶ್ಚಯಿಸುವಷ್ಟರಲ್ಲಿ ಮೊದಲ ಸೋರಿಕೆಗೆ ಎರಡು ವರ್ಷ ತುಂಬಿರುತ್ತದೆ.

ತಡಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗ ಮನ್ನಿಸಬಹುದು. ಕಾರಣವನ್ನು ಬರೆದು ದಾಖಲಿಸಬೇಕು. ಪತ್ರದ ಮೇಲೆ ಪತ್ರ ಬರೆದಷ್ಟಕ್ಕೆ, ಫೋನು ಮಾಡುತ್ತಾ ಹೋದಷ್ಟಕ್ಕೆ ಗಡುವು ಹಿಗ್ಗುವುದಿಲ್ಲ. ಸಿವಿಲ್ ನ್ಯಾಯಾಲಯದಲ್ಲಿ, ಕರಾರು ಮುರಿದ ಪರಿಹಾರದ ದಾವೆಗೆ 1963ರ ಕಾಲಮಿತಿ ಕಾಯಿದೆ ಮೂರು ವರ್ಷ ಕೊಡುತ್ತದೆ. ಎರಡು ವರ್ಷ ಕಳೆದುಕೊಂಡವರಿಗೆ ಉಳಿಯುವ ದಾರಿ ಅದು. ಅಲ್ಲಿ ಕೇಳುವ ಮೊತ್ತಕ್ಕೆ ತಕ್ಕ ಕೋರ್ಟ್ ಫೀ ಕಟ್ಟಬೇಕು.

ಸಾಕ್ಷ್ಯ

ನ್ಯೂನತೆ ಇದೆ ಎಂದು ತೋರಿಸುವ ಹೊರೆ ದೂರುದಾರರದು; 2021ರಲ್ಲಿ ಎಸ್‌ಜಿಎಸ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೆ ಸ್ಪಷ್ಟಪಡಿಸಿತು. ಮಲೆನಾಡಿನ ದೂರುಗಳಿಗೆ ಪೆಟ್ಟು ಬೀಳುವುದು ಇಲ್ಲೇ. ಇಲ್ಲಿ ಲಕ್ಷಾಂತರ ರೂಪಾಯಿಯ ಕೆಲಸವೂ ಬಾಯಿಮಾತಿನಲ್ಲೇ ಒಪ್ಪಿಗೆಯಾಗುತ್ತದೆ. ಮೇಸ್ತ್ರಿ ವಾರಕ್ಕೊಮ್ಮೆ ಬಂದು ‘ಶನಿವಾರ, ಹುಡುಗರಿಗೆ ಬಟವಾಡೆ’ ಎಂದು ಕೇಳಿದಾಗ ಕೊಟ್ಟ ಹಣ ಯಾವ ಲೆಕ್ಕದಲ್ಲೂ ಇರುವುದಿಲ್ಲ. ಬರೆದಿಟ್ಟಿದ್ದರೂ ಕ್ಯಾಲೆಂಡರಿನ ಹಿಂದೆ, ಸಹಿಯಿಲ್ಲದೆ.

ಇನ್ನೊಂದು ತೊಡಕು ಹೆಸರಿನದೇ. ಫೋನಿನಲ್ಲಿ ‘ಟೈಲ್ಸ್ ಮಂಜಣ್ಣ’, ‘ತೀರ್ಥಳ್ಳಿ ಮೇಸ್ತ್ರಿ’ ಎಂದು ಉಳಿಸಿಕೊಂಡವನ ಪೂರ್ತಿ ಹೆಸರು, ತಂದೆಯ ಹೆಸರು, ಮನೆಯ ವಿಳಾಸ ಕೇಳಿದರೆ ಎಷ್ಟೋ ಮನೆಯವರಿಗೆ ಗೊತ್ತಿರುವುದಿಲ್ಲ. ನೋಟಿಸು ಜಾರಿಯಾಗದೆ ದೂರು ಒಂದು ಹೆಜ್ಜೆಯೂ ಮುಂದೆ ಹೋಗದು. ಮೇಸ್ತ್ರಿ ತೀರ್ಥಹಳ್ಳಿಯವನು, ಅವನು ಕೆಲಸ ಒಪ್ಪಿಸಿದ್ದು ಕಾರ್ಕಳದ ಒಬ್ಬನಿಗೆ, ಕೈಯಾರೆ ಮಾಡಿದವರು ಬಿಹಾರ, ಒಡಿಶಾದ ಹುಡುಗರು ಎಂಬುದೂ ಈಗ ಸಾಮಾನ್ಯ. ಮಾತುಕತೆ ಯಾರೊಂದಿಗೆ ನಡೆಯಿತೋ, ಹಣ ಯಾರ ಕೈಸೇರಿತೋ ಅವನೇ ಎದುರು ಪಕ್ಷದವನು. ಕೆಳಗಿನವರನ್ನು ಎಳೆಯಬೇಕಾದ್ದಿಲ್ಲ. ವಾಟರ್‌ಪ್ರೂಫಿಂಗ್ ರಾಸಾಯನಿಕದ ಕಂಪನಿ ವಾರಂಟಿ ಕಾರ್ಡು ಕೊಟ್ಟಿದ್ದರೆ ಆ ಕಂಪನಿಯನ್ನೂ ಕೆಲಸ ಮಾಡಿದವನನ್ನೂ ಒಟ್ಟಿಗೆ ಸೇರಿಸುವುದು ಜಾಣತನ. ಇಲ್ಲವಾದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿ ಜಾರಿಕೊಳ್ಳುತ್ತಾರೆ.

ಫೋನ್‌ಪೇ, ಗೂಗಲ್ ಪೇ ಬಂದಮೇಲೆ ಹಣದ ಪುರಾವೆ ಸುಲಭವಾಗಿದೆ. ವಾಟ್ಸ್ಯಾಪ್ ಮಾತುಗಳೂ ಸಾಕ್ಷ್ಯವೇ. ‘ಸೋರ್ತಿದೆ’ ಎಂದು ಕಳಿಸಿದ ವಿಡಿಯೋ, ಅದಕ್ಕೆ ‘ಮಾಡಿಕೊಡ್ತೀನಿ’ ಎಂದು ಬಂದ ಉತ್ತರ, ಇವೆರಡೇ ಎಷ್ಟೋ ವೇಳೆ ಇಡೀ ದೂರನ್ನು ಹೊರುತ್ತವೆ. ಇಂಥ ಎಲೆಕ್ಟ್ರಾನಿಕ್ ದಾಖಲೆಯ ಜತೆಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇಡುವುದು ಒಳ್ಳೆಯದು. ಆಯೋಗ ಸಾಕ್ಷ್ಯದ ಕಟ್ಟುನಿಟ್ಟಿನಲ್ಲಿ ಸಡಿಲವೇ ಆದರೂ ಎದುರಿನ ವಕೀಲರಿಗೆ ಹಿಡಿತ ಸಿಗಬಾರದು.

ದೋಷವನ್ನು ತೋರಿಸುವುದಕ್ಕೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಟೈಲ್ಸ್ ಮೇಲೆ ನಾಣ್ಯದಿಂದ ಕುಟ್ಟುತ್ತಾ ಹೋದರೆ ಅಡಿಯಲ್ಲಿ ಗಾರೆ ತುಂಬದ ಕಡೆ ಟೊಳ್ಳು ಸದ್ದು ಬರುತ್ತದೆ. ಆ ಟೈಲ್ಸಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಇಡೀ ಕೋಣೆಯ ಚಿತ್ರ ತೆಗೆಯಬೇಕು. ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು, ಹತ್ತು ನಿಮಿಷ ಬಿಟ್ಟು, ಜಾಲರಿಯ ಕಡೆ ಹರಿಯದೆ ಬಾಗಿಲ ಬಳಿ ನಿಂತ ನೀರಿನ ಪಕ್ಕ ಅಡಿಕೋಲು ಇಟ್ಟು ವಿಡಿಯೋ ಮಾಡಬೇಕು. ಗೋಡೆಗೆ ತೂಗುಗುಂಡು, ನೆಲಕ್ಕೆ ರಸಮಟ್ಟ. ಮೇಸ್ತ್ರಿಯ ಚೀಲದಲ್ಲಿರುವ ಸಲಕರಣೆಗಳೇ ಅವನ ಕೆಲಸದ ಮೇಲೆ ಸಾಕ್ಷಿ ಹೇಳುತ್ತವೆ. ಗೋಡೆಯ ಬಿರುಕಿನ ಎರಡು ತುದಿಗೆ ಪೆನ್ಸಿಲಿನ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಿಟ್ಟರೆ, ಮುಂದಿನ ತಿಂಗಳು ಬಿರುಕು ಬೆಳೆದಿದೆಯೋ ಇಲ್ಲವೋ ತಾನೇ ತಿಳಿಯುತ್ತದೆ. ಬಿರುಕು ಬೆಳೆಯದೆ ನಿಂತಿದ್ದರೆ ಅದು ಬಹುಶಃ ಸಾರಣೆಯ ಕೂದಲು ಬಿರುಕು. ಅದಕ್ಕೆ ಆಯೋಗದವರೆಗೆ ಹೋಗುವುದು ವ್ಯರ್ಥ.

ಇಷ್ಟಿದ್ದರೂ ಸಿವಿಲ್ ಎಂಜಿನಿಯರ್ ಒಬ್ಬರ ವರದಿ ಬೇಕೇ ಬೇಕು: ಏನು ದೋಷ, ಯಾತರಿಂದ ಆಯಿತು, ಸರಿಪಡಿಸಲು ಎಷ್ಟು ಖರ್ಚು. ಮೂರನೆಯದು ಇಲ್ಲದ ವರದಿಗೆ ಬೆಲೆ ಕಡಿಮೆ. ಆಯೋಗಕ್ಕೆ ಅರ್ಜಿ ಕೊಟ್ಟು ಸ್ಥಳ ನೋಡಲು ಕಮಿಷನರನ್ನು ನೇಮಿಸಿಕೊಳ್ಳುವುದೂ ರೂಢಿಯಲ್ಲಿದೆ. ಅವರ ವರದಿಗೆ ತೂಕ ಹೆಚ್ಚು, ಖರ್ಚು ಕೇಳಿದವರದು. ಸೋರಿಕೆಯ ವ್ಯಾಜ್ಯದಲ್ಲಿ ಕಮಿಷನರ್ ಬರುವುದು ಮಳೆಗಾಲದಲ್ಲೇ ಆಗುವಂತೆ ನೋಡಿಕೊಳ್ಳಬೇಕು. ಫೆಬ್ರುವರಿಯಲ್ಲಿ ಬಂದವರಿಗೆ ಕಾಣುವುದು ಒಣಗಿದ ಕಲೆ ಮಾತ್ರ. ಎಲ್ಲಕ್ಕಿಂತ ಮುಖ್ಯ, ಈ ದಾಖಲೆ ಆಗುವವರೆಗೆ ಬೇರೆ ಮೇಸ್ತ್ರಿಯಿಂದ ಕೆಲಸ ಕೀಳಿಸಬಾರದು. ಕಿತ್ತ ಮೇಲೆ ತೋರಿಸಲು ಏನೂ ಉಳಿಯುವುದಿಲ್ಲ.

ನಡಾವಳಿ

ಮೊದಲ ಹೆಜ್ಜೆ ನೋಟಿಸು. ವಕೀಲರೇ ಕೊಡಬೇಕೆಂದಿಲ್ಲ, ಮನೆಯವರೇ ಬಿಳಿ ಹಾಳೆಯಲ್ಲಿ ಕೆಲಸ ಯಾವುದು, ಎಷ್ಟು ಹಣ ಸಂದಿದೆ, ದೋಷವೇನು, ಎಷ್ಟು ದಿನದೊಳಗೆ ಸರಿಪಡಿಸಬೇಕು ಎಂದು ಬರೆದು ಅಂಚೆಯಲ್ಲಿ ಕಳಿಸಿದರೆ ಸಾಕು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿರುವುದರಿಂದ, ತಲುಪಿದ್ದಕ್ಕೆ ರಸೀದಿ ಬೇಕೆಂದು ಅಲ್ಲೇ ಕೇಳಿ ಪಡೆಯಬೇಕು. ಮೇಸ್ತ್ರಿಗಳಲ್ಲಿ ಎಷ್ಟೋ ಜನ ಈ ಕಾಗದ ಕೈಗೆ ಬಂದ ವಾರದಲ್ಲೇ ಮನೆ ಬಾಗಿಲಿಗೆ ಬರುತ್ತಾರೆ. ಬಂದವರನ್ನು ಕಾಫಿ ಕೊಟ್ಟು ಕೂರಿಸಿ, ಒಪ್ಪಿಕೊಂಡದ್ದನ್ನು ಬರೆಸಿ ಸಹಿ ಹಾಕಿಸಿಕೊಳ್ಳುವುದು ದೂರಿಗಿಂತ ಲಾಭದ ಕೆಲಸ.

ಆಗದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಆಯೋಗ. 2021ರ ಡಿಸೆಂಬರಿನ ನಿಯಮದಂತೆ ಕೊಟ್ಟ ಪ್ರತಿಫಲ 50 ಲಕ್ಷ ರೂಪಾಯಿ ಮೀರದ ವ್ಯಾಜ್ಯಗಳೆಲ್ಲ ಜಿಲ್ಲಾ ಆಯೋಗಕ್ಕೆ ಸೇರಿದ್ದು. ಲೆಕ್ಕಕ್ಕೆ ಬರುವುದು ಕೊಟ್ಟ ಹಣ, ಕೇಳುವ ಪರಿಹಾರವಲ್ಲ. ಪ್ರತಿಫಲ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ 200 ರೂ., 20 ಲಕ್ಷದವರೆಗೆ 400 ರೂ., 50 ಲಕ್ಷದವರೆಗೆ 1,000 ರೂ. ಬಚ್ಚಲು, ಮಾಡು, ಟೈಲ್ಸಿನ ತಕರಾರುಗಳಲ್ಲಿ ಬಹುಪಾಲು ಶುಲ್ಕವಿಲ್ಲದ ಗುಂಪಿಗೇ ಬೀಳುತ್ತವೆ. ದೂರನ್ನು ಕನ್ನಡದಲ್ಲೇ ಬರೆದುಕೊಡಬಹುದು. ವಕೀಲರು ಕಡ್ಡಾಯವಲ್ಲ, ತಾವೇ ನಿಂತು ಮಾತಾಡಬಹುದು, ಅಧಿಕಾರ ಕೊಟ್ಟು ಇನ್ನೊಬ್ಬರನ್ನೂ ಕಳಿಸಬಹುದು.

ಆಯೋಗ ಸಾಮಾನ್ಯವಾಗಿ 21 ದಿನದೊಳಗೆ ದೂರು ಅಂಗೀಕಾರಾರ್ಹವೇ ಎಂದು ನೋಡಬೇಕು. ನೋಟಿಸು ತಲುಪಿದ ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್ 4ರಂದು ತೀರ್ಮಾನಿಸಿದೆ. ಆಮೇಲೆ ಪ್ರಮಾಣಪತ್ರ, ದಾಖಲೆ, ವಾದ. ರಾಜಿಯ ಸಾಧ್ಯತೆ ಕಂಡರೆ ಮಧ್ಯಸ್ಥಿಕೆಗೆ ಕಳಿಸುವ ಅವಕಾಶವೂ ಇದೆ. ಎಲ್ಲ ಸೇರಿ ಮೂರು ತಿಂಗಳಲ್ಲಿ, ಪದಾರ್ಥದ ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಆ ಗಡುವಿನಲ್ಲಿ ಮುಗಿದ ದೂರು ಸಿಕ್ಕುವುದು ಕಷ್ಟ. ವರ್ಷ ದಾಟುವುದೇ ಹೆಚ್ಚು.

ಬಸರೀಕಟ್ಟೆಯಿಂದ ಬಾಳೆಹೊನ್ನೂರು, ಆಲ್ದೂರು ದಾಟಿ ಚಿಕ್ಕಮಗಳೂರಿಗೆ ಹೋಗಿ ಬರುವುದಕ್ಕೆ ಒಂದು ದಿನವೇ ಬೇಕು. ‘ಮುಂದಕ್ಕೆ ಹಾಕಿದೆ’ ಎಂಬ ಒಂದು ಮಾತು ಕೇಳಿ ಮರಳುವುದು ಎರಡು ಬಾರಿಯಾದರೆ ಎಂಥವರೂ ಸೋಲುತ್ತಾರೆ. ಹೊಸ ಕಾಯಿದೆ ಎರಡು ಅನುಕೂಲ ಮಾಡಿದೆ. ಒಂದು, ದೂರನ್ನು ಆನ್‌ಲೈನಿನಲ್ಲಿ ಸಲ್ಲಿಸುವುದು: 2020ರಲ್ಲಿ ಇ-ದಾಖಿಲ್ ಎಂದು ಶುರುವಾದ ವ್ಯವಸ್ಥೆ 2025ರ ಜನವರಿ 1ರಿಂದ ಇ-ಜಾಗೃತಿ ಎಂಬ ಹೆಸರಿನಲ್ಲಿ ಮುಂದುವರಿದಿದೆ. ಇನ್ನೊಂದು, ಕಾರಣ ಹೇಳಿ ಅರ್ಜಿ ಕೊಟ್ಟರೆ ವಿಡಿಯೋ ಮೂಲಕ ಹಾಜರಾಗುವುದು. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವ ಊರುಗಳಿಗೆ ಎರಡನೆಯದು ಅರ್ಧ ಅನುಕೂಲವಷ್ಟೇ. ಕೊಪ್ಪ ಪೇಟೆಯಲ್ಲೋ ಜಯಪುರದಲ್ಲೋ ಕುಳಿತು ಹಾಜರಾಗಬಹುದು.

ಆಯೋಗ ದೋಷ ಸರಿಪಡಿಸಲು ಹೇಳಬಹುದು, ಹಣ ಬಡ್ಡಿಸಹಿತ ವಾಪಸು ಕೊಡಿಸಬಹುದು, ಪರಿಹಾರ, ವ್ಯಾಜ್ಯದ ಖರ್ಚು ಕೊಡಿಸಬಹುದು. ಸರಿಪಡಿಸಿಕೊಡುವ ಆದೇಶಕ್ಕಿಂತ ಸರಿಪಡಿಸುವ ಖರ್ಚನ್ನು ಕೇಳುವುದು ಮೇಲು. ಕೋರ್ಟಿಗೆ ಎಳೆದ ಮೇಲೆ ಅದೇ ಮೇಸ್ತ್ರಿಯನ್ನು ಮತ್ತೆ ಮಾಡಿನ ಮೇಲೆ ಹತ್ತಿಸುವುದು ಇಬ್ಬರಿಗೂ ಹಿತವಲ್ಲ. ಮಾನಸಿಕ ಯಾತನೆಗೆಂದು ಹತ್ತು ಲಕ್ಷ ಕೇಳುವ ಚಟವೂ ಬೇಡ. ದೊಡ್ಡ ಮೊತ್ತ ಬರೆದ ಮಾತ್ರಕ್ಕೆ ಯಾವ ಆಯೋಗವೂ ಕೊಡುವುದಿಲ್ಲ. ದೂರಿನ ಗಾಂಭೀರ್ಯ ಕೆಡುತ್ತದೆ.

ಆದೇಶ ಒಪ್ಪದವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಹಣ ಕೊಡಬೇಕಾದವರು ಅದರಲ್ಲಿ ಅರ್ಧ ಠೇವಣಿಯಿಟ್ಟೇ ಹೋಗಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ 71ನೇ ಕಲಮಿನಂತೆ ಸಿವಿಲ್ ಡಿಕ್ರಿಯ ಹಾಗೆ ಆಸ್ತಿ ಜಪ್ತಿಗೆ, 72ನೇ ಕಲಮಿನಂತೆ ಶಿಕ್ಷೆಗೆ ಅರ್ಜಿ ಹಾಕಬಹುದು: ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೇ 25,000 ರೂ.ಗೆ ಕಡಿಮೆಯಿಲ್ಲದ, ಒಂದು ಲಕ್ಷದವರೆಗಿನ ದಂಡ, ಅಥವಾ ಎರಡೂ. ಜಪ್ತಿ ಮಾಡಲು ಒಂದು ಬೈಕು, ಒಂದು ಕಾಂಕ್ರೀಟ್ ಮಿಕ್ಸರ್ ಬಿಟ್ಟು ಏನೂ ಇಲ್ಲದವನ ಮೇಲೆ ಗೆದ್ದ ಆದೇಶ ಗೋಡೆಗೆ ತೂಗುಹಾಕಲು ಮಾತ್ರ ಆದೀತು. ದೂರು ಹೂಡುವ ಮೊದಲೇ ಇದನ್ನು ಯೋಚಿಸಬೇಕು.

ಬೇರೆ ದಾರಿಗಳು

ಹೆಚ್ಚಿನವರು ಮೊದಲು ಓಡುವುದು ಪೊಲೀಸ್ ಠಾಣೆಗೆ. ಕಳಪೆ ಕೆಲಸ ಅಪರಾಧವಲ್ಲ. ಮುಂಗಡ ಹಿಡಿಯುವಾಗಲೇ ಕೆಲಸ ಮಾಡುವ ಮನಸ್ಸಿರಲಿಲ್ಲ ಎಂದು ತೋರಿಸಿದರೆ ಮಾತ್ರ ಅದು ವಂಚನೆ. ಠಾಣೆಗೆ ಕರೆಸಿ ಮಾತಾಡಿಸಿದಾಗ ಹೆದರಿ ಬರೆದುಕೊಟ್ಟ ಚೀಟಿಗೆ ಮುಂದೆ ಬೆಲೆ ಸಿಗದು.

ಕಡಿಮೆ ಖರ್ಚಿನ, ಹತ್ತಿರದ ದಾರಿ ತಾಲ್ಲೂಕು ಕಾನೂನು ಸೇವಾ ಸಮಿತಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿಗೆ ಅರ್ಜಿ ಕೊಡಬಹುದು, ಶುಲ್ಕವಿಲ್ಲ. ರಾಜಿಯಾದರೆ ಅದು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಆಗದಿದ್ದರೆ ಅದಾಲತ್ತು ತೀರ್ಪು ಹೇರುವುದಿಲ್ಲ, ದೂರುದಾರರು ಬೇರೆ ದಾರಿ ಹಿಡಿಯಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಆದಾಯ ಕಡಿಮೆಯಿರುವವರಿಗೆ ಇದೇ ಸಮಿತಿ ಪುಕ್ಕಟೆ ವಕೀಲರನ್ನೂ ಕೊಡುತ್ತದೆ. ಹತ್ತಾರು ಸಾವಿರ ರೂಪಾಯಿಯ ತಕರಾರಿಗೆ ಇದಕ್ಕಿಂತ ತಕ್ಕ ಬಾಗಿಲು ಈ ಮೂರು ತಾಲ್ಲೂಕುಗಳಲ್ಲಿ ಇನ್ನೊಂದಿಲ್ಲ. ಆದರೂ ಇದನ್ನು ಬಳಸಿಕೊಳ್ಳುವವರು ಕಡಿಮೆ.

ಕೋರ್ಟಿನ ಹೊರಗಿನ ದಾರಿಗಳೂ ಸತ್ತಿಲ್ಲ. ಊರ ಹಿರಿಯರ ಪಂಚಾಯ್ತಿಕೆ ಇದೆ. ಘಟ್ಟದ ಕೆಳಗಿನ ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ವ್ಯಾಜ್ಯ ಹೇಳಿಕೊಳ್ಳುವ ಹೊಯ್ಲಿನ ಪದ್ಧತಿ ಇದೆ. ಅಲ್ಲಿಯವರೆಗೆ ಹೋಗದೆಯೂ ‘ಧರ್ಮಸ್ಥಳಕ್ಕೆ ಬಂದು ಆಣೆ ಮಾಡು’ ಎಂಬ ಮಾತಿಗೇ ಬಾಕಿ ತೀರಿಸಿದವರಿದ್ದಾರೆ. ಇವುಗಳ ಬಲ ಇಬ್ಬರೂ ಒಂದೇ ಊರಿನವರಾಗಿರುವುದರಲ್ಲಿದೆ. ಹೊರಗಿನ ಗುತ್ತಿಗೆದಾರನಿಗೆ ಈ ಕಟ್ಟು ತಾಗುವುದಿಲ್ಲ.

ಮೇಸ್ತ್ರಿಯ ಪಕ್ಷ

ಸೋತ ಕೆಲಸವೆಲ್ಲ ಮೇಸ್ತ್ರಿಯ ತಪ್ಪಲ್ಲ. ಇಂಥ ದೂರುಗಳಲ್ಲಿ ಅವನ ಮೊದಲ ಉತ್ತರ ‘ನೀರು ಹೊಡೆಯಲಿಲ್ಲ’ ಎಂಬುದು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಆರದಂತೆ ನೋಡಿಕೊಳ್ಳಲು ಹೇಳುತ್ತದೆ. ಅಂಗಡಿಯಲ್ಲಿ ಈಗ ಸಿಗುವುದು ಬಹುಪಾಲು ಮಿಶ್ರ ಸಿಮೆಂಟು. ಲೇಬರ್ ಕಾಂಟ್ರ್ಯಾಕ್ಟಿನಲ್ಲಿ ನೀರು ಹಾಕುವುದು ಮನೆಯವರ ಪಾಲಿಗೆ ಬಿಟ್ಟಿರುತ್ತದೆ, ಬೇಸಿಗೆಯಲ್ಲಿ ಬಾವಿಯ ನೀರು ತೋಟಕ್ಕೇ ಸಾಲುವುದಿಲ್ಲ. ಎರಡನೇ ಉತ್ತರ ‘ಮರಳು ನೀವು ತಂದದ್ದು’. ಮೂರನೆಯದು ‘ನಡುವೆ ಪ್ಲ್ಯಾನು ಬದಲಿಸಿದಿರಿ’. ಮೂರರಲ್ಲೂ ಕೆಲವೊಮ್ಮೆ ಹುರುಳಿರುತ್ತದೆ. ಎಂಜಿನಿಯರ್ ವರದಿ ಇವಕ್ಕೆ ಉತ್ತರ ಹೇಳದಿದ್ದರೆ ದೂರು ಬಿದ್ದುಹೋಗುತ್ತದೆ.

ಕೆಲಸ ನೆಟ್ಟಗೆ ಮಾಡಿಯೂ ಹಣ ಬಾರದ ಮೇಸ್ತ್ರಿಗೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿದೆ, ಅವನು ಗ್ರಾಹಕನಲ್ಲ. ಅವನು ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು, ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ, ಶುಲ್ಕ ಕಟ್ಟಿ. ಮನೆಯವರು ಚೆಕ್ಕು ಕೊಟ್ಟು ಅದು ಬೌನ್ಸ್ ಆದರೆ ಮಾತ್ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮಿನ ಚುರುಕು ಅವನಿಗೆ ಸಿಗುತ್ತದೆ: ಬ್ಯಾಂಕಿನಿಂದ ಮೆಮೊ ಬಂದ 30 ದಿನದೊಳಗೆ ನೋಟಿಸು, ಅದು ತಲುಪಿದ ಮೇಲೆ ಹಣ ಕಟ್ಟಲು 15 ದಿನ. ಕಳಪೆ ಕೆಲಸದ ದೂರು ಕೊಡುವ ಮನೆಯವರು ಮೇಸ್ತ್ರಿಗೆ ತಮ್ಮಿಂದ ಬಾಕಿ ಎಷ್ಟಿದೆ ಎಂಬುದನ್ನು ದೂರಿನಲ್ಲೇ ಒಪ್ಪಿ ಬರೆಯಬೇಕು. ಅದನ್ನು ಮುಚ್ಚಿಟ್ಟ ದೂರನ್ನು ಆಯೋಗ ನಂಬುವುದಿಲ್ಲ.

ದೂರು ಹೂಡುವ ಮೊದಲು ವಿಚಾರಿಸಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕಾನೂನು ನೆರವಿಗೆ 15100.